ಭಾವ ಹೋಗದ ಹನಿಮೂನುಗಳು

ನಮ್ಮ ಭಾವನಷ್ಟು ಹನಿಮೂನುಗಳನ್ನು ಮಾಡಿದ ಗಂಡಸು ಅಟ್ಲಾಂಟಾದಿಂದ ವಾಷಿಂಗ್ಟನ್‌ವರೆಗೆ ಹುಡುಕಿದರೂ ಇನ್ನೊಬ್ಬ ಸಿಗಲಾರ. ನನಗೆ ಗೊತ್ತಿರುವ ಹಾಗೆ ಹದಿನೇಳು! ಕೋಸ್ಟರೀಕಾ, ಐಸ್‌ಲ್ಯಾಂಡ್, ಗ್ರೀಸ್, ಪೆರು, ಜಪಾನ್. ಹುಬ್ಬೇರಿಸಬೇಡಿ. ಇವುಗಳಲ್ಲಿ ಒಂದಕ್ಕೂ ಅವರು ಹೋಗಿಲ್ಲ. ಎಲ್ಲವನ್ನೂ ಅಟ್ಲಾಂಟಾ ಪಕ್ಕದ ನಾರ್‌ಕ್ರಾಸ್‌ನ ತಮ್ಮ ಮನೆಯ ಡೈನಿಂಗ್ ಟೇಬಲ್ಲಿನ ಮುಂದೆ, ಪಂಚೆ ಉಟ್ಟು, ಪಕ್ಕದಲ್ಲಿ ಅವಲಕ್ಕಿ ತಟ್ಟೆ ಇಟ್ಟುಕೊಂಡು ಮಾಡಿದ್ದು. ಹೋದವರು ಬೇರೆಯವರು, ಪರಿಚಯದ ಹೊಸ ಜೋಡಿಗಳು. ಯಾವ ದೇಶ, ಯಾವ ಹೋಟೆಲು, ಯಾವ ರೂಮು, ಬೆಳಗ್ಗೆ ಬಾಗಿಲು ತೆಗೆದು ಎಡಕ್ಕೆ ತಿರುಗಬೇಕೋ ಬಲಕ್ಕೋ ಎಂದು ಆರಿಸಿಕೊಟ್ಟವರು ಮಾತ್ರ ನಮ್ಮ ಭಾವ.

ಭಾವ ಎಂದರೆ ನನ್ನ ಅಕ್ಕನ ಗಂಡ. ಅಕ್ಕ ಈಗಿಲ್ಲ. ಮೂರು ವರ್ಷವಾಗುತ್ತ ಬಂತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಗಿಸುತ್ತ ನಗಿಸುತ್ತ ಕರೆದುಕೊಂಡು ಹೋಗಿ ಕೊನೆಯಲ್ಲಿ ಹಳ್ಳಕ್ಕೆ ನೂಕುವವರನ್ನು ಕಂಡರೆ ನನಗಾಗದು. ನೀವು ನಗುವಾಗಲೂ ಆ ಮನೆಯಲ್ಲಿ ಒಬ್ಬಳಿಲ್ಲ ಎನ್ನುವುದು ನಿಮಗೆ ಗೊತ್ತಿರಲಿ. ನಮಗೂ ಗೊತ್ತಿತ್ತು, ಆದರೂ ನಗುತ್ತಿದ್ದೆವು. ಭಾವನ ಎದುರು ಕುಳಿತು ನಗದೆ ಇರುವುದು ಯಾರಿಂದ ಸಾಧ್ಯ?

ಅವರ ಉದ್ಯೋಗ ಸಾಫ್ಟ್‌ವೇರ್ ಟೆಸ್ಟಿಂಗ್. ಅಂದರೆ ಬೇರೆಯವರು ಕಷ್ಟಪಟ್ಟು ಕಟ್ಟಿದ್ದನ್ನು ಆರಾಮಾಗಿ ಕುಳಿತು ಒಡೆದು ತೋರಿಸುವುದು. ಇಪ್ಪತ್ತು ವರ್ಷ ಅದನ್ನೇ ಮಾಡಿ ಮನುಷ್ಯನೂ ಹಾಗೇ ಆಗಿಬಿಟ್ಟಿದ್ದಾರೆ. ಹೊಸ ಕುರ್ಚಿ ತಂದರೆ ಮೊದಲು ಅಲ್ಲಾಡಿಸಿ ನೋಡುತ್ತಾರೆ, ಆಮೇಲೆ ಕೂರುತ್ತಾರೆ. ಅಕ್ಕನನ್ನು ನೋಡಲು ಮೈಸೂರಿನ ನಮ್ಮ ಮನೆಗೆ ಬಂದಿದ್ದ ದಿನ ನಮ್ಮಪ್ಪ, "ಹುಡುಗೀನ ಏನಾದ್ರೂ ಕೇಳೋದಿದ್ರೆ ಕೇಳಿ" ಎಂದರು. ಭಾವ ಗಂಟಲು ಸರಿಮಾಡಿಕೊಂಡು, "ಕರೆಂಟ್ ಹೋದಾಗ ಏನ್ ಮಾಡ್ತೀರಾ?" ಎಂದು ಕೇಳಿದರು. ಅಕ್ಕ, "ಬರೋವರೆಗೂ ಕಾಯ್ತೀನಿ" ಎಂದಳು. ಅವಳು ಪಾಸಾದಳು. ಕಾಯುವುದು ಎಷ್ಟಿದೆ ಎಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಹನಿಮೂನಿಗೆ ದೇಶ ಆರಿಸುವುದರಲ್ಲಿ ಭಾವನ ಮೊದಲ ನಿಯಮ ಕೇಳಿ. "ಜಾತಕ ಕೂಡಿದ್ರೆ ಮದುವೆ, ಪಾಸ್‌ಪೋರ್ಟ್ ಕೂಡಿದ್ರೆ ಹನಿಮೂನ್." ಕೆಲಸದ ವೀಸಾದ ಮೇಲೆ ಇಲ್ಲಿರುವ ನಮ್ಮಂಥವರ ಕಷ್ಟ ಊರಿನಲ್ಲಿರುವವರಿಗೆ ಬೇಗ ಅರ್ಥವಾಗುವುದಿಲ್ಲ. ಅಮೆರಿಕದಿಂದ ಹೊರಗೆ ಹೋಗುವುದು ಸುಲಭ. ವಾಪಸು ಬರುವಷ್ಟರಲ್ಲಿ ಪಾಸ್‌ಪೋರ್ಟಿನಲ್ಲಿರುವ ವೀಸಾದ ದಿನ ಮುಗಿದಿದ್ದರೆ, ಹೊರದೇಶದ ಅಮೆರಿಕನ್ ಕಾನ್ಸುಲೇಟಿನಲ್ಲಿ ನಿಂತು ಹೊಸ ಸ್ಟಾಂಪ್ ಹಾಕಿಸಿಕೊಂಡೇ ವಿಮಾನ ಹತ್ತಬೇಕು. ಹಾಗಾಗಿ ಭಾವ ಮೊದಲು ನೋಡುವುದು ಸಮುದ್ರ ತೀರವನ್ನಲ್ಲ, ಯಾವ ಊರಿನಲ್ಲಿ ಸ್ಟಾಂಪಿಂಗ್ ಸ್ಲಾಟ್ ಖಾಲಿಯಿದೆ ಎನ್ನುವುದನ್ನು.

ಷಾರ್ಲೆಟ್ ಊರಿನ ಒಂದು ಜೋಡಿಯನ್ನು ಹೀಗೇ ಮೆಕ್ಸಿಕೋದ ಯಾವುದೋ ಊರಿಗೆ ಕಳಿಸಿದರು. ಅಲ್ಲಿ ಸಮುದ್ರವಿಲ್ಲ, ಬೆಟ್ಟವಿಲ್ಲ, ಕಣ್ಣಿಗೆ ತಂಪೆನಿಸುವಂಥದ್ದು ಏನೇನೂ ಇಲ್ಲ. ಸ್ಲಾಟ್ ಇತ್ತು. ಅವರ ಹನಿಮೂನ್ ಆಲ್ಬಮ್ಮಿನ ಮೊದಲ ಫೋಟೋದಲ್ಲಿ ಮದುಮಗಳು ಕೈತುಂಬ ಮೆಹಂದಿ ಹಚ್ಚಿಕೊಂಡು, ಎದೆಗೆ ಪ್ಲಾಸ್ಟಿಕ್ ಫೈಲು ಅವುಚಿಕೊಂಡು ಕ್ಯೂನಲ್ಲಿ ನಿಂತಿದ್ದಾಳೆ. ಅವರು ತಿರುಗಿ ಬಂದಾಗ ಭಾವ ಹೇಗಿತ್ತು, ಚೆನ್ನಾಗಿತ್ತಾ ಎಂದೇನೂ ಕೇಳಲಿಲ್ಲ. "ಫಿಂಗರ್‌ಪ್ರಿಂಟ್ ಕೊಡುವಾಗ ಮೆಹಂದಿ ಅಡ್ಡ ಬಂತಾ?" ಎಂದು ಮಾತ್ರ ಕೇಳಿ, ಉತ್ತರವನ್ನು ಬರೆದಿಟ್ಟುಕೊಂಡರು.

ಹೋಟೆಲುಗಳ ಬಗ್ಗೆ ಜನ ಬರೆದದ್ದನ್ನು ಅವರು ನಂಬುವುದಿಲ್ಲ. ಖುದ್ದು ಫೋನ್ ಮಾಡುತ್ತಾರೆ. ರೂಮಿಗೆ ಹೋಗಿ ನಲ್ಲಿ ಬಿಡಿ, ನೀರು ಬೀಳುವ ಶಬ್ದ ಕೇಳಬೇಕು ಎನ್ನುತ್ತಾರೆ. ಗ್ರೀಸಿನ ರಿಸೆಪ್ಷನಿಸ್ಟ್ ಒಬ್ಬ, ಪಾಪ, ನಾಲ್ಕು ರೂಮುಗಳ ನಲ್ಲಿ ಬಿಟ್ಟು ಕೇಳಿಸಿದ. ಭಾವ ಸಂಗೀತ ಕಚೇರಿಗೆ ಬಂದವರ ಹಾಗೆ ಕಣ್ಣು ಮುಚ್ಚಿ ಕೇಳಿ ಮೂರನೆಯದನ್ನು ಆರಿಸಿದರು. ಬಾಲ್ಕನಿಗೆ ಹೋಗಿ ಫೋನ್ ಹೊರಗೆ ಹಿಡಿಯಿರಿ, ರಸ್ತೆಯ ಗಲಾಟೆ ಎಷ್ಟಿದೆ? ಮಂಚದ ಮೇಲೆ ಮಲಗಿದರೆ ಕಿಟಕಿಯಲ್ಲಿ ಏನು ಕಾಣುತ್ತದೆ? ದಯವಿಟ್ಟು ಒಂದು ಸಲ ಮಲಗಿ ಹೇಳಿ. ಬಚ್ಚಲಿನಲ್ಲಿ ಚೊಂಬು ಇಡಲು ಜಾಗವಿದೆಯೇ? ಚೊಂಬು ಎಂದರೆ ಏನೆಂದು ಐಸ್‌ಲ್ಯಾಂಡಿನ ಹೆಂಗಸಿಗೆ ಅವರು ಹತ್ತು ನಿಮಿಷ ವಿವರಿಸಿದ್ದನ್ನು ನಾನು ಪಕ್ಕದಲ್ಲೇ ಕುಳಿತು ಕೇಳಿದ್ದೇನೆ. ಆಕೆ ಕೊನೆಗೆ ಬಹಳ ಗೌರವದಿಂದ, "ಇದು ನಿಮ್ಮ ಧರ್ಮಕ್ಕೆ ಸಂಬಂಧಿಸಿದ ವಸ್ತುವೇ?" ಎಂದಳು. ಭಾವ ಸ್ವಲ್ಪ ಯೋಚಿಸಿ, "ಹೌದು" ಎಂದರು.

ಇನ್ನು ಆಕ್ಟಿವಿಟಿಗಳು. ಅವರ ಪಟ್ಟಿಯಲ್ಲಿ ಮೂರು ಕಾಲಂ. ಮಾಡಲೇಬೇಕಾದದ್ದು, ಬೇಕಾದರೆ ಮಾಡುವುದು, ಮಾಡಿದರೆ ನನಗೆ ಹೇಳಬಾರದ್ದು. ಬೆಟ್ಟದಿಂದ ಹಗ್ಗ ಕಟ್ಟಿಕೊಂಡು ಧುಮುಕುವುದೆಲ್ಲ ಮೂರನೆಯದರಲ್ಲಿ ಬರುತ್ತದೆ. ಇದಾದರೂ ಅರ್ಥವಾಗುತ್ತದೆ. ಆದರೆ ಪ್ರತಿಯೊಂದು ಪಟ್ಟಿಯಲ್ಲೂ ಮೂರನೇ ದಿನ ಮಧ್ಯಾಹ್ನ ಮೂರರಿಂದ ಐದರವರೆಗೆ 'ಜಗಳ' ಎಂದು ಬರೆದಿರುತ್ತಿತ್ತು.

"ಏನ್ ಭಾವ ಇದು?" ಎಂದೆ.

"ಮೂರನೇ ದಿನ ಎಲ್ರೂ ಜಗಳ ಆಡ್ತಾರೆ ಪುಟ್ಟಿ. ಜೆಟ್‌ಲ್ಯಾಗ್ ಇಳ್ದಿರುತ್ತೆ, ಮರ್ಯಾದೆನೂ ಇಳ್ದಿರುತ್ತೆ. ಅದಕ್ಕೇ ಅಂತ ಟೈಮ್ ಬ್ಲಾಕ್ ಮಾಡಿಟ್ರೆ ಮಿಕ್ಕಿದ ದಿನ ಹಾಳಾಗಲ್ಲ."

ಕೋಸ್ಟರೀಕಾಕ್ಕೆ ಹೋದ ಹುಡುಗನೊಬ್ಬ ಮೂರೂವರೆಗೆ ಅಲ್ಲಿಂದಲೇ ಫೋನ್ ಮಾಡಿದ. "ಅಂಕಲ್, ಇನ್ನೂ ಜಗಳ ಬಂದಿಲ್ಲ. ಜಿಪ್‌ಲೈನ್‌ಗೆ ಹೋಗ್ಬಿಡ್ಲಾ?" "ಐದರವರೆಗೂ ವೇಯ್ಟ್ ಮಾಡಿ" ಎಂದರು ಭಾವ. ಇಬ್ಬರೂ ರೂಮಿನಲ್ಲಿ ಕಾಯುತ್ತ ಕುಳಿತರಂತೆ. ನಾಲ್ಕೂಮುಕ್ಕಾಲಿಗೆ ಹುಡುಗಿ, "ನಿನಗೆ ಸ್ವಂತ ಬುದ್ಧಿ ಇಲ್ವಾ, ಎಲ್ಲಾ ಆ ಅಂಕಲ್ ಹೇಳ್ಬೇಕಾ?" ಎಂದಳಂತೆ. ಭಾವನ ಪಟ್ಟಿ ಸುಳ್ಳಾಗಲಿಲ್ಲ.

ನಾನು ಓದಲು ಇಲ್ಲಿಗೆ ಬಂದ ಮೇಲೆ ನಾರ್‌ಕ್ರಾಸ್‌ನ ಆ ಮನೆಯೇ ನನಗೆ ತವರಾಗಿತ್ತು. ಪ್ರತಿ ರಜೆಗೂ ಅಲ್ಲಿಗೇ ಹೋಗುತ್ತಿದ್ದೆ. ಭಾವ ಹೀಗೆ ಯಾರದೋ ಹನಿಮೂನಿಗೆ ತಲೆ ಕೆಡಿಸಿಕೊಂಡಿದ್ದರೆ ಅಕ್ಕ ಒಗ್ಗರಣೆ ಹಾಕುತ್ತ, "ನೋಡೇ, ಊರಿನವರನ್ನೆಲ್ಲ ಪ್ಲೇನ್ ಹತ್ತಿಸ್ತಾರೆ, ನನ್ನನ್ನ ಮಾತ್ರ ದಿನಸಿ ತರೋಕೆ ಕಾಸ್ಟ್‌ಕೋಗೆ ಕರ್ಕೊಂಡು ಹೋಗ್ತಾರೆ" ಎನ್ನುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು. ಆದರೆ ಮಾತು ನಿಜ. ಅವರಿಬ್ಬರ ಹನಿಮೂನ್ ಆಗಿರಲೇ ಇಲ್ಲ. ಮದುವೆಯಾದ ವಾರಕ್ಕೆ ಭಾವನ ರಜೆ ಮುಗಿಯಿತು. ಮುಂದಿನ ವರ್ಷ ವೀಸಾದ ದಿನ ಮುಗಿದಿತ್ತು. ಅದರ ಮುಂದಿನ ವರ್ಷ ಭಾವ ಕಂಪನಿ ಬದಲಾಯಿಸಿದರು, ಕಾಗದಗಳು ಬರುವವರೆಗೆ ದೇಶ ಬಿಡುವಂತಿರಲಿಲ್ಲ. ಆಮೇಲೆ ಅಪ್ಪನ ಆಪರೇಷನ್ ಎಂದು ಇದ್ದಬದ್ದ ರಜೆಯೆಲ್ಲ ಮೈಸೂರಿಗೇ ಹೋಯಿತು. ಹೀಗೆ ಏಳೆಂಟು ವರ್ಷ.

ಕೊನೆಗೆ ಎರಡು ಸಾವಿರದ ಇಪ್ಪತ್ತರ ಜನವರಿಯಲ್ಲಿ ಇಬ್ಬರೂ ಊರಿಗೆ ಹೋಗಿ ಹೊಸ ಸ್ಟಾಂಪ್ ಹಾಕಿಸಿಕೊಂಡು ಬಂದರು. ಬಂದ ವಾರವೇ ಅಕ್ಕ, "ಈ ಸಲ ನಿಮ್ಮ ಟೆಸ್ಟಿಂಗ್ ಎಲ್ಲ ಬೇಡ" ಎಂದು ತಾನೇ ಹೋಟೆಲ್ ಆರಿಸಿದಳು. ಪೋರ್ಚುಗಲ್‌ನ ಸಮುದ್ರದ ದಡದಲ್ಲಿ ಒಂದು ಚಿಕ್ಕ ಹೋಟೆಲು. ಹನ್ನೆರಡೇ ರೂಮು. ನಡೆಸುತ್ತಿದ್ದವಳು ಎಪ್ಪತ್ತು ದಾಟಿದ ಒಬ್ಬ ಹೆಂಗಸು. ಮೇ ತಿಂಗಳಿಗೆ ಅಕ್ಕನ ಹೆಸರಿನಲ್ಲಿ ರೂಮು ಬುಕ್ ಆಯಿತು. ಮಾರ್ಚಿನಲ್ಲಿ ಲೋಕವೆಲ್ಲ ಬಾಗಿಲು ಹಾಕಿಕೊಂಡಿದ್ದು ನಿಮಗೇ ಗೊತ್ತಿದೆ.

ಯಜಮಾನಿ ಒಳ್ಳೆಯವಳು. ಮುಂದಿನ ಮೇಗೆ ಬನ್ನಿ, ರೂಮು ನಿಮ್ಮದೇ ಎಂದು ಬರೆದಳು. ಅಕ್ಕ ಉತ್ತರ ಬರೆದಳು. ಇಬ್ಬರೂ ಮನೆಯಲ್ಲೇ ಕೂತಿದ್ದ ಕಾಲ, ಮಾತು ಬೆಳೆಯಿತು. ಅವಳ ಹಿತ್ತಲಲ್ಲಿ ನಿಂಬೆ ಮರಗಳಿದ್ದವು, ಅಕ್ಕನ ಹತ್ತಿರ ಅಮ್ಮ ಉಪ್ಪಿನಕಾಯಿ ಹಾಕುವ ಲೆಕ್ಕವಿತ್ತು. ಮರುವರ್ಷದ ಮೇನಲ್ಲೂ ಹೋಗಲಾಗಲಿಲ್ಲ. ಆ ಬೇಸಿಗೆಯಲ್ಲಿ ಅಕ್ಕನಿಗೆ ಹೊಟ್ಟೆನೋವು ಶುರುವಾಯಿತು. ಪರೀಕ್ಷೆ ಮಾಡಿಸಿದರೆ ಕ್ಯಾನ್ಸರ್. ಅದರ ಮುಂದಿನ ವರ್ಷದ ಅಕ್ಟೋಬರಿನಲ್ಲಿ ಅಕ್ಕ ಹೋದಳು. ಅವಳಿಗೆ ಮೂವತ್ತೆಂಟು ವರ್ಷ.

ಭಾವ ಅಳಲಿಲ್ಲ. ಅತ್ತಿದ್ದರೆ ನಾನಂತೂ ನೋಡಲಿಲ್ಲ. ಆದರೆ ಅಕ್ಕ ಸತ್ತಳು ಎನ್ನುವ ಮಾತು ಅವರ ಬಾಯಿಂದ ಬರಲೇ ಇಲ್ಲ. ಬ್ಯಾಂಕು, ಇನ್ಶೂರೆನ್ಸು, ಫೋನ್ ಕಂಪನಿ, ಎಲ್ಲರಿಗೂ ನಾನೇ ಹೇಳಿದೆ. ಅಕ್ಕನನ್ನು ಕೇಳಿಕೊಂಡು ಯಾರಾದರೂ ಫೋನ್ ಮಾಡಿದರೆ ಭಾವ, "ಒಂದ್ ನಿಮಿಷ" ಎಂದು ಫೋನನ್ನು ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋಗುತ್ತಿದ್ದರು. ನಾನು ವಾಷಿಂಗ್ಟನ್ ಪಕ್ಕದ ಸೆಂಟರ್‌ವಿಲ್‌ನ ನನ್ನ ಮನೆಗೆ ವಾಪಸು ಬಂದ ಮೇಲೆ ಲ್ಯಾಂಡ್‌ಲೈನ್ ತೆಗೆಸಿಯೇಬಿಟ್ಟರು.

ಹನಿಮೂನಿನ ಕೆಲಸ ಮಾತ್ರ ನಿಲ್ಲಲಿಲ್ಲ, ಹೆಚ್ಚಾಯಿತು. ಪಟ್ಟಿಯಲ್ಲಿ ಹೊಸ ಸಾಲುಗಳು ಬಂದವು. ಬಾಗಿಲಿನಿಂದ ರೂಮಿಗೆ ಎಷ್ಟು ಮೆಟ್ಟಿಲು? ಲಿಫ್ಟ್ ಇದೆಯೇ? ಗಂಜಿ ಮಾಡಿಕೊಡುತ್ತಾರೆಯೇ? ಹತ್ತಿರದ ಆಸ್ಪತ್ರೆ ಎಷ್ಟು ನಿಮಿಷ? ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಕಂಬಿ ಇದೆಯೇ? ದಿನಾ ಜಿಮ್ಮಿಗೆ ಹೋಗುವ ಇಪ್ಪತ್ತೇಳು ವರ್ಷದ ಹುಡುಗನಿಗೆ ಬಚ್ಚಲಲ್ಲಿ ಕಂಬಿ ಏಕೆ? ಹುಡುಗರು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ನಾರ್‌ಕ್ರಾಸ್ ಮನೆಯ ಬಚ್ಚಲಲ್ಲಿ ಭಾವ ಕೈಯಾರೆ ಕೊರೆದು ಹಾಕಿದ ಕಂಬಿಯನ್ನು ನಾನು ನೋಡಿದ್ದೆ. ಅದು ಸ್ವಲ್ಪ ಸೊಟ್ಟಗಿದೆ.

ಹೋದ ಡಿಸೆಂಬರಿನಲ್ಲಿ ನನ್ನ ಮದುವೆಯಾಯಿತು. ಹುಡುಗ ರೋಹನ್, ಹುಟ್ಟಿ ಬೆಳೆದದ್ದೆಲ್ಲ ನಾರ್ತ್ ಕೆರೊಲೈನಾದ ರಾಲಿಯಲ್ಲಿ. ಒಳ್ಳೆಯವನು. ಕನ್ನಡ ಮಾತಾಡುತ್ತಾನೆ, ಆದರೆ ಪ್ರತಿ ಮಾತನ್ನೂ ಬಿಸಿ ಪಾತ್ರೆ ಎತ್ತುವ ಹಾಗೆ ಹೆದರಿ ಎತ್ತುತ್ತಾನೆ. ಅವನ ಅಮೆರಿಕದ ಪಾಸ್‌ಪೋರ್ಟು ನೀಲಿ, ನನ್ನ ಭಾರತದ್ದೂ ನೀಲಿ. ಅವನದು ಬಾಗಿಲು ತೆರೆಯುವ ನೀಲಿ, ನನ್ನದು ಫಾರಂ ತುಂಬುವ ನೀಲಿ. ಮೈಸೂರಿನಲ್ಲಿ ಮದುವೆ ಮುಗಿಸಿಕೊಂಡು ಹಾಗೇ ಸ್ಟಾಂಪಿಂಗನ್ನೂ ಮುಗಿಸಿಕೊಂಡು ಬಂದೆವು. ಮಾರ್ಚಿನಲ್ಲಿ ಭಾವನ ಫೋನ್ ಬಂತು. "ನಿಮ್ದು ಯಾವಾಗ? ಫೋನಲ್ಲಿ ಆಗಲ್ಲ, ಇಬ್ರೂ ಬನ್ನಿ."

ಸೆಂಟರ್‌ವಿಲ್‌ನಿಂದ ನಾರ್‌ಕ್ರಾಸ್‌ಗೆ ಹತ್ತು ಗಂಟೆ ಡ್ರೈವ್. ಶುಕ್ರವಾರ ಹೊರಟು ತಲುಪಿದೆವು. ಶನಿವಾರ ಬೆಳಗ್ಗೆ ಸ್ನಾನ ಮಾಡಿ ಬರುವಷ್ಟರಲ್ಲಿ ಡೈನಿಂಗ್ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್, ಎರಡು ಪೆನ್ನು, ಅವಲಕ್ಕಿ ತಯಾರಾಗಿತ್ತು. ನಾವಿಬ್ಬರೂ ಇಂಟರ್‌ವ್ಯೂಗೆ ಬಂದವರ ಹಾಗೆ ಎದುರು ಕುಳಿತೆವು.

"ರೋಹನ್, ನಿನಗೆ ಎಲ್ಲಿಗೆ ಹೋಗ್ಬೇಕು ಅಂತಿದೆ?"

"ಬಾವಾ, ನಂಗೆ ಎನಿಥಿಂಗ್ ಈಸ್ ಫೈನ್."

"ಎನಿಥಿಂಗ್ ಅನ್ನೋ ಹೋಟೆಲ್ ಎಲ್ಲೂ ಇಲ್ಲಪ್ಪ. ಬೆಟ್ಟನಾ, ಬೀಚಾ?"

"ಬೀಚ್ ಇಷ್ಟ. ಆದ್ರೆ ಬೆಟ್ಟಾನೂ ಪಾಪ."

ಬೆಟ್ಟ ಏಕೆ ಪಾಪ ಎಂದು ಭಾವ ಕೇಳಲಿಲ್ಲ. ಒಂದೊಂದಾಗಿ ಒಂಬತ್ತು ಹೋಟೆಲು ತೋರಿಸಿದರು. ಒಂಬತ್ತನ್ನೂ ತಾವೇ ತೆಗೆದುಹಾಕಿದರು. ಇಟಲಿಯದರಲ್ಲಿ ಮೆಟ್ಟಿಲು ಜಾಸ್ತಿ. ಕ್ರೊಯೇಷಿಯಾದ್ದರಲ್ಲಿ ಮಲಗಿದರೆ ಆಕಾಶ ಮಾತ್ರ ಕಾಣುತ್ತದೆ. ಇನ್ನೊಂದು ದ್ವೀಪ, ಆಸ್ಪತ್ರೆಗೆ ದೋಣಿಯಲ್ಲಿ ಹೋಗಬೇಕು. ರೋಹನ್ ಮೆಲ್ಲಗೆ ನನ್ನ ಕಡೆ ತಿರುಗಿ, "ಆರ್ ವಿ ಸಿಕ್?" ಎಂದ. ನಾನು ಮೇಜಿನ ಕೆಳಗೆ ಅವನ ಕಾಲು ತುಳಿದೆ.

ಭಾವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ಆಮೇಲೆ, ಅದೇನೋ ಈಗಷ್ಟೇ ನೆನಪಾದವರ ಹಾಗೆ, "ಒಂದು ರೂಮ್ ಇದೆ ಪುಟ್ಟಿ. ಪೋರ್ಚುಗಲ್‌ನಲ್ಲಿ. ಹುಡುಕೋದೇನೂ ಬೇಡ, ನಮ್ದೇ" ಎಂದರು.

ಆ ರೂಮಿನ ಕಥೆ ಅಕ್ಕನ ಜೊತೆಗೇ ಮುಗಿಯಿತು ಎಂದು ತಿಳಿದಿದ್ದೆ. ಭಾವ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಅಕ್ಕನ ಈಮೇಲ್ ತೆರೆದಿತ್ತು. ಯಜಮಾನಿಯ ಪತ್ರಗಳು ಸಾಲಾಗಿದ್ದವು. ಅಕ್ಕ ಹೋದ ಮೇಲಿನ ಎರಡೂವರೆ ವರ್ಷದಲ್ಲಿ ಬಂದವು. ಪ್ರತಿಯೊಂದಕ್ಕೂ ಉತ್ತರ ಹೋಗಿತ್ತು. ಉತ್ತರಗಳ ಕೆಳಗೆ ಅಕ್ಕನ ಹೆಸರಿತ್ತು. ಈ ವರ್ಷ ರಜೆ ಸಿಗಲಿಲ್ಲ, ಮುಂದಿನ ಮೇಗೆ ಖಂಡಿತ ಬರುತ್ತೇವೆ. ನಿಮ್ಮ ಮಂಡಿ ನೋವು ಹೇಗಿದೆ? ನಾನು ಚೆನ್ನಾಗಿದ್ದೇನೆ.

ನಾನು ಚೆನ್ನಾಗಿದ್ದೇನೆ! ನನಗೆ ಮೊದಲು ಬಂದದ್ದು ಸಿಟ್ಟು. ಅವಳು ಸತ್ತದ್ದನ್ನು ಊರಿಗೆಲ್ಲ ಹೇಳಿ ಹೇಳಿ ನನ್ನ ನಾಲಿಗೆ ಒಣಗಿಹೋಗಿತ್ತು. ಇವರು ಇಲ್ಲಿ ಕುಳಿತು ಅವಳನ್ನು ಚೆನ್ನಾಗಿಟ್ಟುಕೊಂಡಿದ್ದರು. ಓದುತ್ತ ಹೋದೆ. ಹಿಂದಿನ ವರ್ಷದ ಒಂದು ಪತ್ರದಲ್ಲಿ ಯಜಮಾನಿ, ನಿಂಬೆಕಾಯಿ ಉಪ್ಪಿಗೆ ಹಾಕಿದ್ದೇನೆ, ಎಷ್ಟು ದಿನ ಬಿಸಿಲಿಗೆ ಇಡಬೇಕು ಎಂದು ಕೇಳಿದ್ದಳು. ಆಗ ನನಗೆ ಹೊಳೆಯಿತು. ಆ ಏಪ್ರಿಲಿನಲ್ಲಿ ಭಾವ ಆಫೀಸಿನ ಹೊತ್ತಿನಲ್ಲಿ ನನಗೆ ಫೋನ್ ಮಾಡಿ ಅದೇ ಪ್ರಶ್ನೆ ಕೇಳಿದ್ದರು. ಭಾವ ಅಡುಗೆ ಕಲಿಯುತ್ತಿದ್ದಾರೆ, ಚೇತರಿಸಿಕೊಳ್ಳುತ್ತಿದ್ದಾರೆ ಎಂದು ನಾನು ಸಂತೋಷದಿಂದ ಮೈಸೂರಿಗೆ ಫೋನ್ ಮಾಡಿ ಅಮ್ಮನಿಗೂ ತಿಳಿಸಿದ್ದೆ.

"ಯಾಕ್ ಭಾವ ಹೀಗ್ ಮಾಡಿದ್ರಿ?"

ಭಾವ ಪತ್ರಗಳ ಕಡೆ ಕೈ ತೋರಿಸಿದರು. "ಆಯಮ್ಮ ಪ್ರತಿ ಸಲ ಹೆಂಗಿದೀಯಾ ಅಂತ ಅವಳನ್ನ ಕೇಳ್ತಾರೆ ಪುಟ್ಟಿ. ಇನ್ಯಾರೂ ಕೇಳಲ್ಲ. ಎಲ್ರೂ ನನ್ನನ್ನೇ ಕೇಳ್ತಾರೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಈ ಭೂಮಿಯ ಮೇಲೆ ಒಬ್ಬ ಮುದುಕಿಯ ಪಾಲಿಗಾದರೂ ಅಕ್ಕ ಬದುಕಿದ್ದಳು, ಅಷ್ಟನ್ನು ಭಾವ ಕಾಪಾಡಿಕೊಂಡು ಬಂದಿದ್ದರು.

"ಹಂಗಿದ್ರೆ ಇರ್ಲಿ ಬಿಡಿ. ನಾವು ಬೇರೆ ಕಡೆ ಹೋಗ್ತೀವಿ. ನೀವು ಡೇಟ್ ಮುಂದಕ್ಕೆ ಹಾಕ್ಕೊಳ್ಳಿ."

"ಮುಂದಕ್ಕೆ ಇಲ್ಲಮ್ಮ" ಎಂದು ಭಾವ ಕೊನೆಯ ಪತ್ರ ತೋರಿಸಿದರು. ಎರಡು ವಾರದ ಹಿಂದೆ ಬಂದದ್ದು. ನನಗೆ ವಯಸ್ಸಾಯಿತು, ಈ ಬೇಸಿಗೆ ಮುಗಿದ ಮೇಲೆ ಹೋಟೆಲ್ ಮುಚ್ಚುತ್ತೇನೆ, ನಿನ್ನ ರೂಮನ್ನು ಈ ಮೇ ತಿಂಗಳಿಗೆ ಇಟ್ಟಿದ್ದೇನೆ, ದಯವಿಟ್ಟು ಬಾ ಎಂದಿತ್ತು. ಇದೊಂದಕ್ಕೆ ಉತ್ತರ ಹೋಗಿರಲಿಲ್ಲ.

"ಆ ರೂಮ್ ಖಾಲಿ ಹೋಗ್ಬಾರ್ದು. ಅವ್ಳು ಆರ್ಸಿದ್ದು" ಎಂದರು ಭಾವ. "ನೀವು ಹೋಗಿ. ಹೆಸರು ಚೇಂಜ್ ಮಾಡಿಸ್ಬೇಕು, ಅಷ್ಟೇ."

ಅಷ್ಟೇ ಎಂದರೇನು? ಹೆಸರು ಬದಲಾಯಿಸಬೇಕಾದರೆ ಅಕ್ಕ ಏಕೆ ಬರುವುದಿಲ್ಲ ಎಂದು ಹೇಳಬೇಕು. ಎರಡೂವರೆ ವರ್ಷದಿಂದ ಭಾವ ಯಾರಿಗೂ ಹೇಳದ ಮಾತು. ನಾನೇ ಹೇಳುತ್ತೇನೆ, ನನಗೆ ಅಭ್ಯಾಸವಿದೆ ಎಂದು ಕೈ ಚಾಚಿದೆ. ಭಾವ ಫೋನ್ ಕೊಡಲಿಲ್ಲ. ನಂಬರ್ ಒತ್ತಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ಇಲ್ಲಿ ಬೆಳಗ್ಗೆ ಹತ್ತು, ಅಲ್ಲಿ ಮಧ್ಯಾಹ್ನ.

ಯಜಮಾನಿಯೇ ಎತ್ತಿದಳು. ಇಬ್ಬರದೂ ಇಂಗ್ಲಿಷೇ, ಆದರೆ ತಂತಮ್ಮ ಊರಿನ ಇಂಗ್ಲಿಷು. ಭಾವ ತಾವು ಇಂಥವಳ ಗಂಡ ಎಂದು ಅಕ್ಕನ ಹೆಸರು ಹೇಳಿದ್ದೇ ತಡ, ಆಕೆಗೆ ಎಲ್ಲಿಲ್ಲದ ಸಂತೋಷ. ಕೊನೆಗೂ ಬರುತ್ತೀರಾ ಎಂದಳು. ಭಾವ ಎಷ್ಟು ಮೆಟ್ಟಿಲು ಎಂದು ಕೇಳಿದರು. ನಾಲ್ಕು ಎಂದಳು. ಕೆಟಲ್ ಇದೆಯೇ? ಇದೆ. ಕಿಟಕಿಯಲ್ಲಿ ಸಮುದ್ರ ಕಾಣುತ್ತದೆಯೇ? ಕಾಣುತ್ತದೆ, ಮಲಗಿದರೂ ಕಾಣುತ್ತದೆ. ನಲ್ಲಿ ಬಿಡಿ ಎಂದರು. ಆಕೆ ಕುಂಟುತ್ತ ಹೋಗಿ ನಲ್ಲಿ ಬಿಟ್ಟಳು. ನಾವು ಮೂವರೂ ಪೋರ್ಚುಗಲ್‌ನಲ್ಲಿ ನೀರು ಬೀಳುವುದನ್ನು ಕೇಳುತ್ತ ಕುಳಿತೆವು. ಭಾವನ ಪ್ರಶ್ನೆಗಳು ಮುಗಿದವು. ಆಗ ಆಕೆ, "ಅವಳಿಗೆ ಫೋನ್ ಕೊಡಿ. ಒಂದು ಸಲ ದನಿ ಕೇಳಬೇಕು" ಎಂದಳು.

ಭಾವ ಮೇಜಿನ ಅಂಚನ್ನು ಹಿಡಿದುಕೊಂಡರು. ರೋಹನ್ ತಲೆ ತಗ್ಗಿಸಿದ.

"ಅವಳು ಸತ್ತುಹೋದಳು" ಎಂದರು ಭಾವ. ಆಮೇಲೆ ನಿಲ್ಲಿಸಲಾರದೆ ಹೇಳುತ್ತಲೇ ಹೋದರು. "ಅಕ್ಟೋಬರಿನಲ್ಲಿ. ಎರಡು ವರ್ಷ ಮೇಲಾಯಿತು. ಆಸ್ಪತ್ರೆ ನಮ್ಮ ಮನೆಯಿಂದ ಏಳು ನಿಮಿಷ. ನಾಲ್ಕನೇ ಮಹಡಿ, ಲಿಫ್ಟಿನ ಪಕ್ಕದ ರೂಮು. ಕಿಟಕಿ ಪೂರ್ವಕ್ಕಿತ್ತು, ಮಲಗಿದರೆ ಒಂದು ಮರ ಕಾಣುತ್ತಿತ್ತು. ಗಲಾಟೆ ಇರಲಿಲ್ಲ. ನಲ್ಲಿಯಲ್ಲಿ ನೀರು ಚೆನ್ನಾಗಿ ಬರುತ್ತಿತ್ತು. ನಾನು ಎಲ್ಲ ನೋಡಿದ್ದೆ. ಎಲ್ಲ ಸರಿಯಾಗಿತ್ತು."

ಆ ಕಡೆ ನಲ್ಲಿಯ ಶಬ್ದ ನಿಂತಿತು. ಆಕೆ, "ಹಾಗಾದರೆ ಪತ್ರಗಳು?" ಎಂದಳು.

"ನಾನೇ ಬರೆದೆ. ನನ್ನನ್ನು ಕ್ಷಮಿಸಿ."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ತಪ್ಪೇನೂ ಇರಲಿಲ್ಲ. ಆಕೆ ಅಳುತ್ತಿದ್ದಳು. ಅಳುತ್ತಲೇ, ಉಪ್ಪಿನಕಾಯಿ ಚೆನ್ನಾಗಿ ಬಂದಿದೆ ಎಂದಳು. ಆಮೇಲೆ ಮೂಗು ಒರೆಸಿಕೊಂಡು, ರೂಮಿಗೆ ಯಾರ ಹೆಸರು ಬರೆದುಕೊಳ್ಳಲಿ ಎಂದು ಕೇಳಿದಳು. ಭಾವ ನನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳಿದರು. "ಅವಳ ತಂಗಿ" ಎಂದು ಸೇರಿಸಿದರು.

ಫೋನ್ ಇಟ್ಟ ಮೇಲೆ ರೋಹನ್ ಎದ್ದು, "ನಾನು ಕಾಫಿ ಮಾಡ್ತೀನಿ, ಬಾವಾ" ಎಂದು ಅಡುಗೆಮನೆಗೆ ಹೋದ. ಅವನಿಗೆ ಕಾಫಿ ಮಾಡಲು ಬರುವುದಿಲ್ಲ. ಭಾವ ಮೇಜಿನ ಮೇಲೆ ಎರಡೂ ಕೈಯಿಟ್ಟುಕೊಂಡು ಕುಳಿತೇ ಇದ್ದರು. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಬೇಕೆಂದು ಅವರಿಗೆ ತೋಚಲಿಲ್ಲ. ನಮ್ಮ ಮನೆಗಳಲ್ಲಿ ಭಾವ ಎಂದರೆ ದೂರದಿಂದ ಗೌರವ ಕೊಡುವ ಮನುಷ್ಯ. ಇಷ್ಟು ವರ್ಷದಲ್ಲಿ ನಾನು ಅವರ ಕೈ ಮುಟ್ಟಿರಲಿಲ್ಲ. ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತು ಕೈ ಹಿಡಿದುಕೊಂಡೆ. ಅಕ್ಕ ಹೋದಾಗ ಓಡಾಟದಲ್ಲಿ ಅಳಲು ನನಗೂ ಬಿಡುವಾಗಿರಲಿಲ್ಲ. ಅವತ್ತು ಇಬ್ಬರೂ ಅತ್ತೆವು.

ಎಷ್ಟೋ ಹೊತ್ತಿನ ಮೇಲೆ ಭಾವ, "ಅವ್ಳು ನಿದ್ದೇಲಿ ನಗ್ತಿದ್ಲು. ಗೊತ್ತಾ ನಿಂಗೆ?" ಎಂದರು.

ಅವಳು ಹೋದ ಮೇಲೆ ಅವರು ತಾವಾಗಿ ಅವಳ ಬಗ್ಗೆ ಎತ್ತಿದ ಮೊದಲ ಮಾತು ಅದು. ಮೈಸೂರಿನ ಮನೆಯಲ್ಲಿ ಹದಿನೆಂಟು ವರ್ಷ ಒಂದೇ ಹಾಸಿಗೆಯಲ್ಲಿ ಅಕ್ಕನ ಪಕ್ಕ ಮಲಗಿದವಳು ನಾನು. ಆ ನಗುವಿಗೆ ಎಷ್ಟು ರಾತ್ರಿ ಬೆಚ್ಚಿ ಎದ್ದಿದ್ದೇನೆ, ಎಷ್ಟು ಸಲ ಅವಳ ಬಾಯಿಗೆ ದಿಂಬು ಒತ್ತಿದ್ದೇನೆ.

"ಇಲ್ಲ ಭಾವ, ಗೊತ್ತಿಲ್ಲ" ಎಂದೆ. "ಹೇಳಿ."